ನರ ಕರೆದರೆ ಲಿವರ್ ಕೂಡ ಓಗೊಡುತ್ತದೆ

ಲಿಪಿಡ್ ಪ್ರೊಫೈಲ್ ಎಂಬ ರಕ್ತದ ಕೊಬ್ಬಿನ ಪರೀಕ್ಷೆಯ ರಿಪೋರ್ಟು ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಎಲ್‌ಡಿಎಲ್, ಅಂದರೆ "ಕೆಟ್ಟ ಕೊಲೆಸ್ಟರಾಲ್" ಸಾಲಿಗೆ. ಸಂಖ್ಯೆ ಜಾಸ್ತಿ ಇದ್ದರೆ ಮುಖ ಬಾಡುತ್ತದೆ. ಕಡಿಮೆ ಇದ್ದರೆ "ಹಾಗಾದ್ರೆ ಈ ಭಾನುವಾರ ಪಂದಿ ಕರಿ ತಿನ್ನಬಹುದು ಅಲ್ವಾ ಅಕ್ಕಾ?" ಎಂಬ ಪ್ರಶ್ನೆ ಬರುತ್ತದೆ. ಕೊಡಗಿನ ಸುಂಟಿಕೊಪ್ಪದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ರಿಪೋರ್ಟು ಬರೆಯುವುದು ನನ್ನ ಕೆಲಸ. ಸುಗ್ಗಿ ಹಬ್ಬ ಪುತ್ತರಿ ಮುಗಿದ ವಾರ ಕೆಲವರ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ, ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ. ಅದು ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಕೆಲಸ. ಕೊಲೆಸ್ಟರಾಲ್ ಒಂದೇ ಏರಿದರೆ ಸೀರಮ್ ತಿಳಿಯಾಗಿಯೇ ಕಾಣುತ್ತದೆ. ಕಣ್ಣಿಗೆ ಕಾಣುವ ಕೊಬ್ಬು ಒಂದು, ಕಾಣದ್ದು ಇನ್ನೊಂದು.

ಈ ರಿಪೋರ್ಟಿನಲ್ಲಿ ನರಗಳ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಹಾಗಾಗಿ ಕೊಬ್ಬಿನ ಕಾಯಿಲೆ ಬೇರೆ, ನರದ ಕಾಯಿಲೆ ಬೇರೆ ಎಂದೇ ಜನ ತಿಳಿದಿರುತ್ತಾರೆ. ಎರಡಕ್ಕೂ ಬೇರೆ ಬೇರೆ ಡಾಕ್ಟರು, ಬೇರೆ ಬೇರೆ ಮಾತ್ರೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲೇ ಈ ವಿಷಯ ಎದ್ದಿತು. ಅಲ್ಲಿಂದ ನಾನು ಓದುತ್ತಲೇ ಇದ್ದೇನೆ. ಓದಿದ್ದನ್ನು ಇಲ್ಲಿ ಬರೆದಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ನಮ್ಮ ಮಾವನಿಗೆ ಸಕ್ಕರೆ ಕಾಯಿಲೆ ಹಳೆಯದು. ಚೆಟ್ಟಳ್ಳಿ ಹತ್ತಿರ ನಮ್ಮ ತೋಟ. ಒಂದು ದಿನ ಅವರು ತೋಟದಿಂದ ಕಣದವರೆಗೆ ನಡೆದು ಬಂದರು. ಒಂದು ಕಾಲಿನಲ್ಲಿ ಹವಾಯಿ ಚಪ್ಪಲಿ ಇತ್ತು, ಇನ್ನೊಂದು ಬರಿಗಾಲು. ಚಪ್ಪಲಿ ಎಲ್ಲೋ ಕೆಸರಿನಲ್ಲಿ ಕಳಚಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಪಾದ ತೊಳೆದು ನೋಡಿದರೆ ಕಾಫಿ ಗಿಡದ ಕಡ್ಡಿ ಚುಚ್ಚಿ ರಕ್ತ ಬಂದಿತ್ತು. ಅದೂ ಅವರಿಗೆ ಗೊತ್ತಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಪಾದದ ನರ ಸೋಲುವುದು ಎಂದರೆ ಇದೇ.

ಆ ವಾರವೇ ಒಬ್ಬರು ಮನೆ ಬಾಗಿಲಿಗೆ ಪುಡಿ ಡಬ್ಬ ಹಿಡಿದು ಬಂದರು. ಅದು "ನರ ಬೆಳೆಸುವ ಅಂಶ" ಹೆಚ್ಚಿಸುತ್ತದಂತೆ, ಜೊತೆಗೆ ಕೊಲೆಸ್ಟರಾಲ್ ಕರಗಿಸುತ್ತದಂತೆ. ಮೂರು ತಿಂಗಳು ತಗೊಂಡರೆ ಡಾಕ್ಟರ ಮಾತ್ರೆ ಬಿಟ್ಟುಬಿಡಬಹುದು ಎಂದೂ ಹೇಳಿದರು. ಮಾವ ದುಡ್ಡು ಕೊಡುವ ಮೊದಲು ನನ್ನನ್ನು ಕರೆದರು.

"ಮಗಾ, ನೀನು ಲ್ಯಾಬಿನವಳು. ನರ ಬೆಳೆಸೋದಕ್ಕೂ ಕೊಬ್ಬಿಗೂ ಏನು ಸಂಬಂಧ? ಇವರು ಸುಮ್ನೆ ಸೇರಿಸಿ ಹೇಳ್ತಿದಾರಾ?"

"ಸಂಬಂಧ ಇದೆ ಮಾವ. ಆದರೆ ಅದು ಈ ಡಬ್ಬದಲ್ಲಿ ಇಲ್ಲ," ಎಂದೆ. ಅವರು ಡಬ್ಬ ವಾಪಸು ಕೊಟ್ಟರು. ಸಂಬಂಧ ಏನು ಎಂದು ಹೇಳುವುದು ಮಾತ್ರ ನನ್ನ ಮೇಲೆ ಬಿತ್ತು.

ನರ ಬೆಳೆಸುವ ಅಂಶ ಎಂಬುದು ನಿಜವಾಗಿಯೂ ಇದೆ. ನರ್ವ್ ಗ್ರೋತ್ ಫ್ಯಾಕ್ಟರ್, ಚಿಕ್ಕದಾಗಿ ಎನ್‌ಜಿಎಫ್. ಅದನ್ನು ಕಂಡುಹಿಡಿದವರು ರೀಟಾ ಲೆವಿ-ಮೊಂಟಾಲ್ಚೀನಿ. ಇಟಲಿಯ ಟೂರಿನ್ ಊರಿನ ಯಹೂದಿ ಮನೆತನದವರು, ಹುಟ್ಟಿದ್ದು 1909ರಲ್ಲಿ. 1938ರಲ್ಲಿ ಮುಸೊಲಿನಿ ಸರ್ಕಾರ ಜನಾಂಗದ ಕಾನೂನು ತಂದು ಯಹೂದಿಗಳನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕಿತು. ಈ ಹೆಣ್ಣುಮಗಳು ಮಲಗುವ ಕೋಣೆಯಲ್ಲೇ ಲ್ಯಾಬು ಮಾಡಿಕೊಂಡರು. ಕೋಳಿ ಮೊಟ್ಟೆಯೊಳಗಿನ ಭ್ರೂಣಗಳನ್ನು ಕತ್ತರಿಸಿ, ನರಗಳು ಹೇಗೆ ಬೆಳೆಯುತ್ತವೆ, ಹೇಗೆ ಸಾಯುತ್ತವೆ ಎಂದು ನೋಡುತ್ತಿದ್ದರು. ಬಾಂಬು ಬೀಳುವಾಗ ಹಳ್ಳಿಗೆ ಹೋದರು, ಅಲ್ಲೂ ಮೊಟ್ಟೆ ಹೊಂದಿಸಿಕೊಂಡು ಕೆಲಸ ಮುಂದುವರಿಸಿದರು. ಒಂದು ಮೈಕ್ರೋಸ್ಕೋಪು ಕೆಟ್ಟರೆ ವಾರಗಟ್ಟಲೆ ಕಾಯುವ ನಮ್ಮಂಥವರಿಗೆ ಇದನ್ನು ಓದುವಾಗ ಮೈ ಜುಮ್ಮೆನ್ನುತ್ತದೆ.

ಯುದ್ಧ ಮುಗಿದ ಮೇಲೆ, 1947ರಲ್ಲಿ, ವಿಕ್ಟರ್ ಹ್ಯಾಂಬರ್ಗರ್ ಎಂಬವರು ಅವರನ್ನು ಅಮೆರಿಕದ ಸೇಂಟ್ ಲೂಯಿಸ್‌ಗೆ ಕರೆಸಿಕೊಂಡರು. ಇಲಿಯ ಒಂದು ಬಗೆಯ ಗೆಡ್ಡೆಯನ್ನು ಕೋಳಿ ಭ್ರೂಣಕ್ಕೆ ಸೇರಿಸಿದರೆ ನರಗಳು ಆ ಗೆಡ್ಡೆಯ ಕಡೆಗೆ ನುಗ್ಗಿ ಬೆಳೆಯುತ್ತಿದ್ದವು. ಗೆಡ್ಡೆ ಏನನ್ನೋ ಸೂಸುತ್ತಿರಬೇಕು. ಅದೇನು ಎಂದು ಹುಡುಕಲು 1953ರಲ್ಲಿ ಸ್ಟಾನ್ಲಿ ಕೋಹೆನ್ ಜೊತೆಯಾದರು. ಆ ವಸ್ತುವಿನಲ್ಲಿ ನ್ಯೂಕ್ಲಿಕ್ ಆಮ್ಲ ಇದೆಯೋ ಎಂದು ನೋಡಲು ಅದನ್ನು ಒಡೆಯುವ ಕಿಣ್ವ ಬೇಕಿತ್ತು. ಅದಕ್ಕಾಗಿ ಹಾವಿನ ವಿಷ ಹಾಕಿದರು. ನರಗಳು ನಿಲ್ಲುವ ಬದಲು ಇನ್ನಷ್ಟು ಜೋರಾಗಿ ಬೆಳೆದವು. ಹಾವಿನ ವಿಷದಲ್ಲೇ ಎನ್‌ಜಿಎಫ್ ತುಂಬಿಕೊಂಡಿತ್ತು! ವಿಷದ ಗ್ರಂಥಿ ಎಂದರೆ ಜೊಲ್ಲಿನ ಗ್ರಂಥಿಯ ಇನ್ನೊಂದು ರೂಪ ಅಲ್ವಾ? ಆ ಎಳೆ ಹಿಡಿದು ಗಂಡಿಲಿಯ ಜೊಲ್ಲಿನ ಗ್ರಂಥಿ ನೋಡಿದರು, ಅಲ್ಲೂ ಹೇರಳವಾಗಿ ಸಿಕ್ಕಿತು. ನಾಗರಹಾವಿನ ವಿಷದಲ್ಲೂ ಕೊಳಕುಮಂಡಲದ ವಿಷದಲ್ಲೂ ಇದೇ ಜಾತಿಯ ಪ್ರೋಟೀನು ಇದೆ. ಮೆಣಸು ಕೊಯ್ಯುವ ಕಾಲದಲ್ಲಿ ನಮ್ಮ ಲೈನ್‌ಮನೆಯವರಿಗೆ ಹಾವಿನ ಹೆದರಿಕೆ ದಿನವೂ ಇರುತ್ತದೆ. ಅವರಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ.

1986ರಲ್ಲಿ ಲೆವಿ-ಮೊಂಟಾಲ್ಚೀನಿ ಮತ್ತು ಕೋಹೆನ್‌ಗೆ ನೊಬೆಲ್ ಬಂತು. ಅದಕ್ಕೂ ಒಂದು ವರ್ಷ ಮೊದಲು, 1985ರಲ್ಲಿ, ಇದೇ ಬಹುಮಾನ ಹೋದದ್ದು ಡಲ್ಲಾಸ್‌ನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್‌ಗೆ. ಎಲ್‌ಡಿಎಲ್ ರಿಸೆಪ್ಟರ್ ಕಂಡುಹಿಡಿದವರು ಅವರು. ಜೀವಕೋಶದ ಮೈಮೇಲೆ ಕುಳಿತು ರಕ್ತದಲ್ಲಿ ತೇಲುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆ ಎಳೆದುಕೊಳ್ಳುವ ಪ್ರೋಟೀನು ಅದು. ಒಳಗೆ ಹೋಗಿ, ಎಲ್‌ಡಿಎಲ್ ಇಳಿಸಿ, ಸುಮಾರು 10 ನಿಮಿಷದಲ್ಲಿ ಮತ್ತೆ ಮೇಲೆ ಬರುತ್ತದೆ. ಕೆಲವು ಮನೆತನಗಳಲ್ಲಿ ಈ ರಿಸೆಪ್ಟರ್ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಅಂಥವರಲ್ಲಿ ಎಳೆಯ ವಯಸ್ಸಿಗೇ ಎಲ್‌ಡಿಎಲ್ ಏರಿ ಹೃದಯಕ್ಕೆ ಹೊಡೆತ ಬೀಳುತ್ತದೆ.

ಒಂದು ವರ್ಷ ಕೊಲೆಸ್ಟರಾಲ್, ಮರುವರ್ಷ ನರ. ಆಗ ಇವೆರಡನ್ನೂ ಜೋಡಿಸಿ ನೋಡಿದವರು ಹೆಚ್ಚು ಜನ ಇದ್ದಿರಲಾರರು. ಎರಡು ದಾರಿಗಳೂ ಒಂದೇ ಜೀವಕೋಶದೊಳಗೆ ಕೂಡುತ್ತವೆ ಎಂಬುದು ಬಹಳ ನಿಧಾನವಾಗಿ ಗೊತ್ತಾಯಿತು. ನನಗೆ ಇಷ್ಟವಾದ ಭಾಗ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಜೀವಕೋಶದೊಳಗೆ ಎಸ್‌ಆರ್‌ಇಬಿಪಿ-2 ಎಂಬ ಪ್ರೋಟೀನು ಇದೆ. ಇದನ್ನೂ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ತಂಡವೇ ಕಂಡುಹಿಡಿದದ್ದು. ಕೊಟ್ಟಿಗೆಯಲ್ಲಿ ಹಗ್ಗ ಹಾಕಿ ಕಟ್ಟಿದ ಎತ್ತಿನ ಹಾಗೆ ಅದು ಕೋಶದ ಒಳಪೊರೆಗೆ ಅಂಟಿಕೊಂಡೇ ಇರುತ್ತದೆ. ಕೋಶದಲ್ಲಿ ಕೊಲೆಸ್ಟರಾಲ್ ಸಾಕಷ್ಟು ಇದ್ದಾಗ ಅದು ಕದಲುವುದಿಲ್ಲ. ಕಡಿಮೆಯಾದಾಗ ಅದನ್ನು ಬೇರೆ ಕಡೆ ಸಾಗಿಸಿ, ಎರಡು ಕಿಣ್ವಗಳು ಒಂದಾದ ಮೇಲೊಂದು ಕತ್ತರಿಸುತ್ತವೆ. ಬಿಡುಗಡೆಯಾದ ತುಂಡು ಕೋಶಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಎರಡು ಕೆಲಸಕ್ಕೆ ಅಪ್ಪಣೆ ಕೊಡುತ್ತದೆ. ಹೊರಗಿನ ಎಲ್‌ಡಿಎಲ್ ಎಳೆದುಕೊಳ್ಳಲು ರಿಸೆಪ್ಟರ್ ಹೆಚ್ಚು ಮಾಡು, ಮನೆಯಲ್ಲೇ ಕೊಲೆಸ್ಟರಾಲ್ ತಯಾರಿಸುವ ಕಿಣ್ವವನ್ನೂ ಹೆಚ್ಚು ಮಾಡು. ಕೊಲೆಸ್ಟರಾಲ್ ಇಳಿಸಲು ಕೊಡುವ ಸ್ಟ್ಯಾಟಿನ್ ಮಾತ್ರೆ, ಕೊಲೆಸ್ಟರಾಲ್ ತಯಾರಿಸುವ ಈ ಕಿಣ್ವವನ್ನು ತಡೆಯುತ್ತದೆ. ಆಗ ಲಿವರ್ ಕೋಶಕ್ಕೆ ಕೊಲೆಸ್ಟರಾಲ್ ಸಾಲದೆ, ರಿಸೆಪ್ಟರ್‌ಗಳನ್ನು ಹೆಚ್ಚಿಸಿ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ರಿಪೋರ್ಟಿನಲ್ಲಿ ಸಂಖ್ಯೆ ಇಳಿಯುವುದು ಹೀಗೆ.

ಈಗ ಎನ್‌ಜಿಎಫ್ ಕಡೆ ಬರೋಣ. ಅದಕ್ಕೆ ಎರಡು ರಿಸೆಪ್ಟರ್‌ಗಳಿವೆ. ಒಂದು ಟ್ರ್ಕ್‌ಎ. ನರ ಬದುಕುವುದಕ್ಕೂ ಬೆಳೆಯುವುದಕ್ಕೂ ಇದು ಬೇಕು. ಹುಟ್ಟಿನಿಂದಲೇ ಟ್ರ್ಕ್‌ಎ ಕೆಟ್ಟಿರುವ ಮಕ್ಕಳಿಗೆ ನೋವೇ ಗೊತ್ತಾಗುವುದಿಲ್ಲ, ಬೆವರೂ ಬರುವುದಿಲ್ಲ. ಇನ್ನೊಂದು ಪಿ75. ಅದರ ಸ್ವಭಾವ ಅಷ್ಟು ಸರಳವಲ್ಲ. ಕೆಲವೊಮ್ಮೆ ಕೋಶವನ್ನು ಉಳಿಸುತ್ತದೆ, ಕೆಲವೊಮ್ಮೆ ಸಾಯಿಸುತ್ತದೆ. ಈ ಪಿ75 ನರದಲ್ಲಿ ಮಾತ್ರ ಅಲ್ಲ, ಲಿವರ್ ಕೋಶಗಳಲ್ಲೂ ಇದೆ.

2016ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ಸಂಶೋಧಕರು ಒಂದು ಲೇಖನ ಪ್ರಕಟಿಸಿದರು. ಲೆಪ್ಟಿನ್ ಎಂಬ ಹಾರ್ಮೋನು ಇಲ್ಲದೆ ಹುಟ್ಟಿ, ತಿಂದು ತಿಂದು ದಪ್ಪವಾಗುವ ಇಲಿಗಳ ಲಿವರ್ ನೋಡಿದರು. ಕೊಬ್ಬು ತುಂಬಿದ ಆ ಲಿವರ್‌ಗಳಲ್ಲಿ ಎನ್‌ಜಿಎಫ್ ಮಾಮೂಲಿಗಿಂತ ಜಾಸ್ತಿ ಇತ್ತು. ಎಲ್‌ಡಿಎಲ್ ರಿಸೆಪ್ಟರ್ ಕೂಡ ಜಾಸ್ತಿ ಇತ್ತು. ಆಮೇಲೆ ಲಿವರ್ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಎನ್‌ಜಿಎಫ್ ಹಾಕಿದರು. ಪಿ75 ಮೂಲಕ ಸಂದೇಶ ಒಳಗೆ ಹೋಯಿತು, ಎಸ್‌ಆರ್‌ಇಬಿಪಿ-2 ತುಂಡಾಯಿತು, ಎಲ್‌ಡಿಎಲ್ ರಿಸೆಪ್ಟರ್ ಏರಿತು. ಈ ದಾರಿಯಲ್ಲಿ ಕತ್ತರಿಸುವ ಕೆಲಸಕ್ಕೆ ಬಂದದ್ದು ಕ್ಯಾಸ್ಪೇಸ್-3 ಎಂಬ ಕಿಣ್ವ. ಕೋಶ ಸಾಯುವಾಗ ಕಾಣಿಸಿಕೊಳ್ಳುವ ಕಿಣ್ವ ಎಂದೇ ಅದನ್ನು ಎಲ್ಲರೂ ಓದಿರುತ್ತಾರೆ, ನಾನೂ ಡಿಪ್ಲೊಮಾದಲ್ಲಿ ಹಾಗೇ ಓದಿದ್ದು. ಇಲ್ಲಿ ಕೋಶ ಸಾಯಲಿಲ್ಲ. ಅದೇ ಕತ್ತಿಯಿಂದ ಕೊಲೆಸ್ಟರಾಲ್ ಕೆಲಸ ಮಾಡಿಸಿಕೊಂಡಿತು.

ಇದರ ಅರ್ಥ ಏನು? ಕೋಶದಲ್ಲಿ ಕೊಲೆಸ್ಟರಾಲ್ ಕಡಿಮೆ ಇದೆಯೋ ಇಲ್ಲವೋ ಎಂಬ ಲೆಕ್ಕ ಒಂದು ಕಡೆ. ಗಾಯವೋ ಉರಿಯೂತವೋ ಆದಾಗ ಅಂಗಾಂಶದಲ್ಲಿ ಎನ್‌ಜಿಎಫ್ ಏರುತ್ತದೆ. ಆಗ "ರಿಪೇರಿಗೆ ಸಾಮಾನು ಬೇಕು, ಕೊಬ್ಬು ತರಿಸು" ಎಂಬ ಬೇರೆಯೇ ಕರೆ ಬರಬಹುದು ಎಂದು ಆ ಲೇಖನ ಸೂಚಿಸುತ್ತದೆ. ಹೊಸ ಪೊರೆ ಕಟ್ಟಲು ಕೊಲೆಸ್ಟರಾಲ್ ಬೇಕೇ ಬೇಕು. ಆದರೆ ಲಿವರ್‌ನಲ್ಲಿ ಆಗಲೇ ಕೊಬ್ಬು ತುಂಬಿದ್ದರೆ? ರಕ್ತದಿಂದ ಎಲ್‌ಡಿಎಲ್ ತೆಗೆಯುವುದು ಒಳ್ಳೆಯದು ಅನ್ನಿಸಬಹುದು, ತುಂಬಿದ ಲಿವರ್‌ಗೆ ಇನ್ನಷ್ಟು ತುಂಬುವುದು ಒಳ್ಳೆಯದಲ್ಲ. ನಮ್ಮಲ್ಲಿ ಹೊಟ್ಟೆ ಸ್ಕ್ಯಾನ್ ಮಾಡಿಸಿದವರ ಕೈಯಲ್ಲಿ "ಗ್ರೇಡ್ 1 ಫ್ಯಾಟಿ ಲಿವರ್" ಎಂಬ ರಿಪೋರ್ಟು ಎಷ್ಟು ಸಾಮಾನ್ಯ ಆಗಿದೆ ಎಂದು ನನಗೆ ಗೊತ್ತು. ಹಾಗಾಗಿ ಎನ್‌ಜಿಎಫ್ ಏರಿದರೆ ಒಳ್ಳೆಯದು, ಇಳಿದರೆ ಕೆಟ್ಟದ್ದು ಎಂದು ಡಬ್ಬದ ಮೇಲೆ ಬರೆಯುವುದು ತಪ್ಪು. ಯಾವ ಅಂಗದಲ್ಲಿ, ಯಾವ ರಿಸೆಪ್ಟರ್ ಮೂಲಕ, ಯಾವ ಹೊತ್ತಿನಲ್ಲಿ ಎಂದು ಕೇಳದೆ ಇದಕ್ಕೆ ಉತ್ತರ ಇಲ್ಲ.

ಇಲಿಗಳ ಇನ್ನೆರಡು ಪ್ರಯೋಗಗಳಿಂದ ಇದು ಇನ್ನೂ ಸ್ಪಷ್ಟವಾಗುತ್ತದೆ. ಪಿ75 ಇಲ್ಲದ ಇಲಿಗಳಿಗೆ ಕೊಬ್ಬಿನ ಆಹಾರ ಕೊಟ್ಟರೂ ಬೇರೆ ಇಲಿಗಳ ಹಾಗೆ ದಪ್ಪ ಆಗಲಿಲ್ಲ, ಅವು ಹೆಚ್ಚು ಶಕ್ತಿ ಉರಿಸಿದವು. ಎನ್‌ಜಿಎಫ್‌ನ ಒಡಹುಟ್ಟು ಬಿಡಿಎನ್‌ಎಫ್ ವಿಷಯದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಬಿಡಿಎನ್‌ಎಫ್ ಅನ್ನು 1982ರಲ್ಲಿ ಈವ್ ಬಾರ್ಡ್ ಮತ್ತು ಹಾನ್ಸ್ ಥೋನೆನ್ ಹಂದಿಯ ಮಿದುಳಿನಿಂದ ಬೇರ್ಪಡಿಸಿದರು. ಬಿಡಿಎನ್‌ಎಫ್ ಜೀನಿನ ಎರಡು ಪ್ರತಿಗಳಲ್ಲಿ ಒಂದು ಇಲ್ಲದ ಇಲಿಗಳು ತಡೆಯಿಲ್ಲದೆ ತಿಂದು ದಪ್ಪ ಆದವು. ಆ ಜೀನಿನ ಒಂದು ಪ್ರತಿ ಕಳೆದುಕೊಂಡು ಹುಟ್ಟಿದ ಮಕ್ಕಳಲ್ಲೂ ಎಳವೆಯಲ್ಲೇ ಬೊಜ್ಜು ಬರುವುದು ಕಂಡಿದೆ. ಹಸಿವಿಗೆ ಕಡಿವಾಣ ಹಾಕುವ ಮಿದುಳಿನ ಭಾಗದಲ್ಲಿ ಬಿಡಿಎನ್‌ಎಫ್‌ಗೆ ಕೆಲಸ ಇದೆ.

ಸಕ್ಕರೆ ಕಾಯಿಲೆಯವರು ಕೇಳಲೇಬೇಕಾದ ಇನ್ನೊಂದು ಸಂಗತಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಬಂತು, ಅದೂ 2016ರಲ್ಲೇ. ಮೇದೋಜೀರಕದ ರಕ್ತನಾಳಗಳು ಎನ್‌ಜಿಎಫ್ ಸೂಸುತ್ತವೆ, ಪಕ್ಕದ ಬೀಟಾ ಕೋಶಗಳು ಅದನ್ನು ಟ್ರ್ಕ್‌ಎ ಮೂಲಕ ಹಿಡಿದು ಇನ್ಸುಲಿನ್ ಬಿಡುತ್ತವೆ ಎಂದು ಇಲಿಗಳಲ್ಲಿ ತೋರಿಸಿದರು. ಬಲ್ಗೇರಿಯಾದ ಜಾರ್ಜ್ ಚಾಲ್ಡಕೋವ್ ಎಂಬವರು ಇದಕ್ಕೂ ಮೊದಲೇ, ಎನ್‌ಜಿಎಫ್ ಮತ್ತು ಬಿಡಿಎನ್‌ಎಫ್ ಬರೀ ನರದ ವಿಷಯ ಅಲ್ಲ, ಚಯಾಪಚಯವನ್ನೂ ಪೋಷಿಸುವ ವಸ್ತುಗಳು ಎಂದು ವಾದಿಸುತ್ತಾ ಬಂದಿದ್ದರು.

ಇಷ್ಟು ಹೇಳಿ ನಿಲ್ಲಿಸಿದರೆ ಮಾವನ ಪಾದದ ಮಾತು ಅರ್ಧಕ್ಕೆ ನಿಲ್ಲುತ್ತದೆ. ಪಾದದ ಬೆರಳಿಗೆ ಹೋಗುವ ಸ್ಪರ್ಶದ ನರದಲ್ಲಿ ಒಂದೊಂದು ಎಳೆಯೂ ಒಂದೇ ಒಂದು ಕೋಶದ್ದು. ಅದರ ಒಡಲು ಸೊಂಟದ ಬೆನ್ನುಮೂಳೆಯ ಪಕ್ಕದಲ್ಲಿ ಇರುತ್ತದೆ. ಅಲ್ಲಿಂದ ಒಂದು ಎಳೆ ಹೊರಟು ಹೆಚ್ಚುಕಡಿಮೆ ಒಂದು ಮೀಟರ್ ಓಡಿ ಬೆರಳ ತುದಿ ಮುಟ್ಟುತ್ತದೆ. ಈ ಎಳೆಯ ಪೊರೆಗೆ ಬೇಕಾದ ಸಾಮಾನು ಎಲ್ಲಿ ತಯಾರಾಗುತ್ತದೆ?

ಕೆನಡಾದ ಎಡ್ಮಂಟನ್‌ನಲ್ಲಿ ಜೀನ್ ವ್ಯಾನ್ಸ್ ಮತ್ತು ಅವರ ಜೊತೆಗಾರರು 1994ರಲ್ಲಿ ಇದಕ್ಕೆ ಒಂದು ಚೆಂದದ ಪ್ರಯೋಗ ಮಾಡಿದರು. ಹೆಗ್ಗಣದ ನರಕೋಶಗಳನ್ನು ಅಡ್ಡಗೋಡೆ ಇರುವ ತಟ್ಟೆಯಲ್ಲಿ ಬೆಳೆಸಿದರು. ನಡುವಿನ ಕೋಣೆಯಲ್ಲಿ ಕೋಶದ ಒಡಲು, ಪಕ್ಕದ ಕೋಣೆಗಳಲ್ಲಿ ಎಳೆಗಳು ಮಾತ್ರ. ಎಳೆಗಳು ಅಡ್ಡಗೋಡೆಯ ಕೆಳಗೆ ನುಸುಳಿ ಆಚೆ ಬೆಳೆಯುವಂತೆ ಮಾಡುವುದು ಎನ್‌ಜಿಎಫ್. ಹೀಗೆ ಬೇರೆ ಮಾಡಿ ನೋಡಿದಾಗ, ಪೊರೆಯ ಮುಖ್ಯ ಕೊಬ್ಬುಗಳನ್ನು ಎಳೆಯೇ ತನ್ನಲ್ಲಿ ತಯಾರಿಸಿಕೊಳ್ಳುತ್ತಿತ್ತು. ಕೊಲೆಸ್ಟರಾಲ್ ಒಂದನ್ನು ಬಿಟ್ಟು. ಅದು ತಯಾರಾಗುತ್ತಿದ್ದುದು ಒಡಲಿನಲ್ಲಿ ಮಾತ್ರ. ಕೆಲವು ವರ್ಷಗಳ ನಂತರ ಅದೇ ಊರಿನ ತಂಡ ಒಡಲಿಗೆ ಸ್ಟ್ಯಾಟಿನ್ ಹಾಕಿ ಕೊಲೆಸ್ಟರಾಲ್ ತಯಾರಿ ನಿಲ್ಲಿಸಿತು. ಎಳೆ ಬೆಳೆಯುವುದು ಕುಂಠಿತವಾಯಿತು. ಆಗ ಎಳೆ ಇರುವ ಕೋಣೆಗೆ ಎಲ್‌ಡಿಎಲ್ ಹಾಕಿದರು, ಎಳೆ ಮತ್ತೆ ಬೆಳೆಯಿತು. ನಾವು ಲ್ಯಾಬಿನಲ್ಲಿ "ಕೆಟ್ಟ ಕೊಲೆಸ್ಟರಾಲ್" ಎಂದು ಕರೆಯುವ ಅದೇ ಎಲ್‌ಡಿಎಲ್.

ಅಂದರೆ ಆ ಉದ್ದದ ನರದಲ್ಲಿ ಎರಡು ಕಡೆಗೂ ಓಡಾಟ ನಡೆದೇ ಇರುತ್ತದೆ. ಸೊಂಟದಿಂದ ಪಾದದ ಕಡೆಗೆ ಕೊಲೆಸ್ಟರಾಲ್ ಇಳಿಯುತ್ತದೆ. ಪಾದದ ಚರ್ಮದಲ್ಲಿ ತಯಾರಾದ ಎನ್‌ಜಿಎಫ್ ನರದ ತುದಿಗೆ ಅಂಟಿ, ಒಳಗೆ ಸೇರಿ, ಸೊಂಟದ ಕಡೆಗೆ ಮೇಲಕ್ಕೆ ಪಯಣಿಸಿ, "ನಾನು ಇಲ್ಲಿ ಇದ್ದೇನೆ, ನನ್ನನ್ನು ನೋಡಿಕೋ" ಎಂಬ ಸುದ್ದಿ ಮುಟ್ಟಿಸುತ್ತದೆ. ವರ್ಷಾನುಗಟ್ಟಲೆ ಸಕ್ಕರೆ ಏರಿದ್ದಾಗ ಈ ಸಾಗಾಟವೂ ಸೊರಗುತ್ತದೆ, ನರಕ್ಕೆ ರಕ್ತ ಕೊಡುವ ಸಣ್ಣ ನಾಳಗಳೂ ಕೆಡುತ್ತವೆ. ಅತಿ ಉದ್ದದ ನರಗಳು ಮೊದಲು ಸೋಲುತ್ತವೆ, ಅದಕ್ಕೇ ಜೋಮು ಶುರುವಾಗುವುದು ಪಾದದಿಂದ. ಮಾವನಿಗೆ ಇದನ್ನು ಹೇಳಿದಾಗ ಅವರು ಪಾದ ಮೇಲೆತ್ತಿ ಮಣೆ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. "ಇಷ್ಟು ದೂರದಿಂದ ಬರಬೇಕಾ?" ಎಂದರು.

ಮಿದುಳಿನ ಲೆಕ್ಕ ಬೇರೆ. ದೇಹದ ತೂಕದಲ್ಲಿ ಮಿದುಳು ಸುಮಾರು 2 ಶೇಕಡಾ. ದೇಹದ ಕೊಲೆಸ್ಟರಾಲ್‌ನಲ್ಲಿ ಮಾತ್ರ ಸುಮಾರು 20ರಿಂದ 25 ಶೇಕಡಾ ಅಲ್ಲಿದೆ. ಹೆಚ್ಚಿನ ಪಾಲು ನರದ ಎಳೆಗಳಿಗೆ ಸುತ್ತಿದ ಮಯಲಿನ್ ಪದರದಲ್ಲಿ. ರಕ್ತದ ಎಲ್‌ಡಿಎಲ್‌ಗೆ ಮಿದುಳಿನ ತಡೆಗೋಡೆ ದಾಟಲು ಆಗುವುದಿಲ್ಲ, ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ನರಕೋಶಗಳ ನಡುವೆ ಕೊಂಡಿ ಬೆಸೆಯಲು ಪಕ್ಕದಲ್ಲಿದ್ದು ಅವುಗಳನ್ನು ನೋಡಿಕೊಳ್ಳುವ ಗ್ಲಿಯಾ ಕೋಶಗಳು ಕೊಡುವ ವಸ್ತು ಏನು ಎಂದು ಹುಡುಕಿದಾಗ, 2001ರಲ್ಲಿ ಸಿಕ್ಕ ಉತ್ತರ ಕೊಲೆಸ್ಟರಾಲ್. 2007ರಲ್ಲಿ ಜಪಾನಿನ ಸಂಶೋಧಕರು, ಬಿಡಿಎನ್‌ಎಫ್ ಹಾಕಿದರೆ ನರಕೋಶಗಳಲ್ಲಿ ಕೊಲೆಸ್ಟರಾಲ್ ತಯಾರಿ ಹೆಚ್ಚುತ್ತದೆ, ಅದು ಕೊಂಡಿಗಳನ್ನು ಬಲಪಡಿಸುತ್ತದೆ ಎಂದು ತೋರಿಸಿದರು.

ಇದನ್ನು ಓದಿ ಯಾರೂ ಮಾತ್ರೆ ಬಿಡಬೇಡಿ. "ಸ್ಟ್ಯಾಟಿನ್ ನುಂಗಿದರೆ ಮಿದುಳು ಒಣಗುತ್ತದೆ" ಎಂಬ ಮಾತು ನಮ್ಮ ಕಡೆ ಬಸ್‌ಸ್ಟ್ಯಾಂಡಿನಲ್ಲೂ ಕೇಳಿಬರುತ್ತದೆ. ರಿಪೋರ್ಟಿನ ಎಲ್‌ಡಿಎಲ್ ಇಳಿದರೆ ಮಿದುಳಿನ ಕೊಲೆಸ್ಟರಾಲ್ ಖಾಲಿಯಾಗುತ್ತದೆ ಎಂದು ತಿಳಿಯುವುದು ತಪ್ಪು, ಯಾಕೆ ಎಂದು ಮೇಲೆಯೇ ಹೇಳಿದೆ. ಕೆಲವು ಸ್ಟ್ಯಾಟಿನ್‌ಗಳು ಮಿದುಳಿನೊಳಗೆ ಸ್ವಲ್ಪ ಹೋಗುತ್ತವೆ, ಕೆಲವು ಅಷ್ಟಾಗಿ ಹೋಗುವುದಿಲ್ಲ. ಅನುಮಾನ ಇದ್ದರೆ ಡಾಕ್ಟರ ಹತ್ತಿರ ಕೇಳಿ, ಅವರು ಬದಲಿಸಿ ಕೊಡಬಹುದು. ತಟ್ಟೆಯಲ್ಲಿ ಬೆಳೆಸಿದ ನರಕೋಶಕ್ಕೆ ಹಾಕಿದ ಮದ್ದು ಬೇರೆ, ನಮ್ಮ ಹೃದಯದ ರಕ್ತನಾಳ ಕಾಯುವ ಮಾತ್ರೆಯ ಪ್ರಮಾಣ ಬೇರೆ. ಹೃದಯಾಘಾತ ಆದವರು ನಿಲ್ಲಿಸಿದರೆ ಆಗುವ ಅಪಾಯ ನಿಜವಾದದ್ದು.

ಕಾಫಿ ಬಗ್ಗೆಯೂ ಒಂದು ಮಾತು, ಕೊಡಗಿನಲ್ಲಿ ಕುಳಿತು ಬರೆಯುವಾಗ ಬಿಡಲಾಗದು. ಪುಡಿ ಕುದಿಸಿ, ಸೋಸದೆ ಕುಡಿಯುವ ಕಾಫಿಯಲ್ಲಿ ಕೆಫೆಸ್ಟಾಲ್ ಎಂಬ ಎಣ್ಣೆಯಂಥ ಪದಾರ್ಥ ಇರುತ್ತದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಪೇಪರ್ ಫಿಲ್ಟರ್ ಅದನ್ನು ಹಿಡಿದಿಡುತ್ತದೆ. ಅರೇಬಿಕಾದಲ್ಲಿ ಇದು ಜಾಸ್ತಿ, ರೋಬಸ್ಟಾದಲ್ಲಿ ಕಡಿಮೆ. ದಿನವಿಡೀ ಬೆಲ್ಲದ ಕಾಫಿ ಕುದಿಸಿ ಕುಡಿಯುವವರು ಸಂಖ್ಯೆ ಇಳಿಯುತ್ತಿಲ್ಲ ಎಂದರೆ ನಾನು ಮೊದಲು ಕೇಳುವ ಪ್ರಶ್ನೆ ಇದೇ.

ಹಾಗಾದರೆ ಎನ್‌ಜಿಎಫ್ ಅನ್ನೇ ಮದ್ದಾಗಿ ಕೊಡಬಾರದೇ? ಕೊಟ್ಟು ನೋಡಿದ್ದಾರೆ. ಸಕ್ಕರೆ ಕಾಯಿಲೆಯಿಂದ ನರ ಸೋತ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡು, ಸುಮಾರು ಅರ್ಧದಷ್ಟು ಜನರಿಗೆ ಚುಚ್ಚುಮದ್ದಾಗಿ ಕೊಟ್ಟ ದೊಡ್ಡ ಪ್ರಯೋಗದ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಆಸೆ ಪಟ್ಟಷ್ಟು ಪ್ರಯೋಜನ ಸಿಗಲಿಲ್ಲ. ಚುಚ್ಚಿದ ಜಾಗದಲ್ಲಿ ನೋವು ಬಂತು. ಎನ್‌ಜಿಎಫ್ ನೋವಿನ ನರಗಳನ್ನು ಕೆರಳಿಸುತ್ತದೆ, ಆದ್ದರಿಂದ ಅದು ಆಗಲೇಬೇಕಾದದ್ದು. ಕಣ್ಣಿನಲ್ಲಿ ಮಾತ್ರ ಗೆಲುವು ಸಿಕ್ಕಿದೆ. ಕಾರ್ನಿಯಾದ ನರ ಸತ್ತು ಹುಣ್ಣಾಗುವ ಕಾಯಿಲೆಗೆ ಎನ್‌ಜಿಎಫ್ ಹನಿಗಳನ್ನು 2018ರಲ್ಲಿ ಅಮೆರಿಕ ಒಪ್ಪಿಕೊಂಡಿತು. ಬಾಯಿಂದ ತಿನ್ನುವ ಪುಡಿಯ ಮಾತು ಬೇರೆಯೇ. ಎನ್‌ಜಿಎಫ್ ಒಂದು ಪ್ರೋಟೀನು. ನುಂಗಿದರೆ ಮೀನು, ಮೊಟ್ಟೆಯ ಪ್ರೋಟೀನಿನ ಹಾಗೆಯೇ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಇನ್ಸುಲಿನ್ ಅನ್ನು ಚುಚ್ಚಿಕೊಳ್ಳುವುದೂ ಇದೇ ಕಾರಣಕ್ಕೆ.

ಮಾವ ಈಗ ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಎಂಬ ಸರಾಸರಿ ಸಕ್ಕರೆಯ ಪರೀಕ್ಷೆ ಮಾಡಿಸುತ್ತಾರೆ, ಸ್ಟ್ಯಾಟಿನ್ ಬಿಟ್ಟಿಲ್ಲ. ತೋಟಕ್ಕೆ ಹೋಗುವಾಗ ಹವಾಯಿ ಬಿಟ್ಟು ಗಮ್‌ಬೂಟು ಹಾಕುತ್ತಾರೆ. ಬೂಟಿಗೆ ಕಾಲು ತೂರಿಸುವ ಮೊದಲು ಕೈ ಹಾಕಿ ಒಳಗೆ ಕಲ್ಲು, ಕಡ್ಡಿ ಇದೆಯೇ ಎಂದು ನೋಡಿಕೊಳ್ಳಬೇಕು ಎಂದು ಹೇಳಿದ್ದೇನೆ. ರಾತ್ರಿ ಊಟಕ್ಕೆ ಮೊದಲು ಅತ್ತೆ ಟಾರ್ಚ್ ಹಿಡಿದು ಅವರ ಎರಡೂ ಪಾದ ನೋಡುತ್ತಾರೆ, ಬೆರಳ ಸಂದಿಗಳನ್ನೂ. ನಿಮ್ಮ ಮನೆಯಲ್ಲಿ ಹಳೆಯ ಸಕ್ಕರೆ ಕಾಯಿಲೆಯವರು ಇದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಲಿಪಿಡ್ ರಿಪೋರ್ಟಿನ ಜೊತೆಗೆ ಪಾದದ ಸ್ಪರ್ಶ ಪರೀಕ್ಷೆಯನ್ನೂ ಮಾಡಿಸಿ. ಒಂದು ನೈಲಾನ್ ಎಳೆಯಿಂದ ಪಾದ ಮುಟ್ಟಿ ನೋಡುತ್ತಾರೆ. ರಕ್ತ ತೆಗೆಯುವುದೂ ಬೇಡ, ಹಸಿದು ಬರುವುದೂ ಬೇಡ.